2.20 ಅಂದರೆ ಎಷ್ಟು?

ಮಳವಳ್ಳಿ ಕಡೆಯ ಒಂದು ಹಳ್ಳಿ. ಅರವತ್ತು ದಾಟಿದ ಯಜಮಾನರೊಬ್ಬರು ಜಗಲಿ ಮೇಲೆ ಚಾಪೆ ಹಾಸಿ, ಕಾಫಿ ಕೊಟ್ಟು, ನನ್ನ ಫೋನ್ ಕೈಗೆ ತೆಗೆದುಕೊಂಡರು. ಬೆಳೆ ವಿವರ ತುಂಬುವ ಆಪ್. ಅದರ ಪರದೆಗಳನ್ನು ವಿನ್ಯಾಸ ಮಾಡಿದವಳೂ ನಾನೇ, ಪರೀಕ್ಷೆಗೆ ಹೋದವಳೂ ನಾನೇ. ಜಮೀನಿನ ವಿಸ್ತೀರ್ಣ ಕೇಳುವಲ್ಲಿ ಅವರು 2.20 ಎಂದು ಒತ್ತಿದರು. ಮುಂದಿನ ಪರದೆ ಬಂತು. ಬೆರಳು ಒಂದು ಗಳಿಗೆ ಅಲ್ಲೇ ನಿಂತಿತು.

"ಹೆಂಗಿದೆ ಯಜಮಾನ್ರೇ?"

"ಚೆನ್ನಾಗೈತೆ ಕಣವ್ವ."

ಹಾಗೇ ಬರೆದುಕೊಂಡೆ. ಅವತ್ತು ಏಳು ಮನೆಗೆ ಹೋದೆ, ಏಳೂ ಕಡೆ "ಚೆನ್ನಾಗೈತೆ".

ನಾನು ಕಲಿತಿದ್ದ ಪರೀಕ್ಷೆಯ ವಿಧಾನದಲ್ಲಿ ಬಳಕೆದಾರರು ಆಪ್ ಬಳಸುತ್ತಾ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಆದರೆ ಮನೆಗೆ ಬಂದವರ ಕೆಲಸದಲ್ಲಿ ಅವರೆದುರಿಗೇ ಹುಳುಕು ತೆಗೆಯುವುದು ನಮ್ಮಲ್ಲಿ ಉಂಟೇ? ಅಷ್ಟೇ ಅಲ್ಲ, ತಡವರಿಸಿದರೆ ತಮಗೇ ಬರುತ್ತಿಲ್ಲ ಅಂದುಕೊಂಡು ಸುಮ್ಮನಾಗುತ್ತಾರೆ.

ಬಳಕೆದಾರರ ಅನುಭವದ ವಿನ್ಯಾಸದಲ್ಲಿ ಹೆಸರಾದ ಅಪಲಾ ಲಾಹಿರಿ ಚವಾಣ್ ಅವರ 'ಬಾಲಿವುಡ್ ವಿಧಾನ' ಆಗ ನೆನಪಾಯಿತು. ಭಾರತದ ಬಳಕೆದಾರರು ತಪ್ಪು ಎತ್ತಿ ತೋರಿಸಲು ಹಿಂಜರಿಯುತ್ತಾರೆಂದು ಅವರು ಸಿನಿಮಾದಂಥ ಸನ್ನಿವೇಶ ಕಟ್ಟಿದ್ದರು: ನಿಮ್ಮ ಮನೆ ಹುಡುಗಿಯ ಮದುವೆ ಗೊತ್ತಾಗಿದೆ, ವರ ಭೂಗತ ಲೋಕದ ಹಂತಕ, ಅವನಿಗೆ ಆಗಲೇ ಮದುವೆಯಾಗಿದೆ, ಅವನ ಹೆಂಡತಿಯನ್ನು ಕರೆದುಕೊಂಡು ಬೆಂಗಳೂರಿಗೆ ಹೋಗಬೇಕು, ವಿಮಾನದ ಟಿಕೆಟ್ ಮಾಡಿ! ಅಂಥ ಅವಸರ ಕೊಟ್ಟಾಗ ಜನ ಸಂಕೋಚ ಬಿಟ್ಟು ಮಾತಾಡಿದರು.

ನನಗೆ ಅಷ್ಟು ದೊಡ್ಡ ಕಥೆ ಬೇಕಾಗಲಿಲ್ಲ. ಮತ್ತೆ ಹೋದಾಗ ಯಜಮಾನರಿಗೆ, "ಪಕ್ಕದ ಮನೆಯವರಿಗೆ ಇದನ್ನ ನೀವೇ ಹೇಳಿಕೊಡಿ" ಅಂದೆ. ನಾನು ಹಿಂದೆ ಸರಿದು ಕೂತೆ. ತಮ್ಮ ಜಮೀನನ್ನೇ ಹಾಕಿ ತೋರಿಸುತ್ತಿದ್ದಾಗ ಪಕ್ಕದವರು ಪರದೆಗೆ ಬೆರಳಿಟ್ಟರು: "ಎಲ್ಡೆಕ್ರೆ ಇಪ್ಪತ್ತು ಗುಂಟೆ ಅಂದ್ರೆ ನೂರು ಗುಂಟೆ ಅಲ್ವಾ? ಇದ್ಯಾಕೆ ಎಂಬತ್ತೆಂಟು ತೋರಿಸ್ತೈತೆ? ಹನ್ನೆರಡು ಗುಂಟೆ ಎಲ್ಲೋಯ್ತು?"

ಪಹಣಿ ಓದುವವರಿಗೆ ಚುಕ್ಕೆ ಆದಮೇಲೆ ಇರುವುದು ಗುಂಟೆ, 40 ಗುಂಟೆಗೆ ಒಂದು ಎಕರೆ. ನಮ್ಮ ಆಪ್ ಅದನ್ನು ದಶಮಾಂಶ ಎಂದು ಓದಿ 2.2ನ್ನು 40ರಿಂದ ಗುಣಿಸಿತ್ತು. ಯಜಮಾನರಿಗೆ ಮೊದಲ ದಿನವೇ ಗೊತ್ತಾಗಿತ್ತು. ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ, "ನೀನು ಅಷ್ಟು ದೂರದಿಂದ ಬಂದಿದ್ದೆ, ಹೆಂಗವ್ವ ಹೇಳಾದು?" ಅಂದರು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಎಕರೆಗೊಂದು, ಗುಂಟೆಗೊಂದು ಚೌಕ ಮಾಡಿದೆವು. ಗುಂಟೆಯದು 39 ದಾಟುವುದಿಲ್ಲ. ಗುಂಡಿಯ ಮೇಲಿದ್ದ 'ಸಲ್ಲಿಸು' ಹೋಗಿ 'ಕಳಿಸಿ' ಬಂತು. ಹಿರಿಯರಿಗೆ ಏಕವಚನದಲ್ಲಿ ಅಪ್ಪಣೆ ಕೊಡುವ ಆಪ್ ನನಗಂತೂ ಬೇಡ.

ಉಳಿದ ಆರು ಮನೆಗಳಲ್ಲೂ ಇಬ್ಬಿಬ್ಬರನ್ನು ಕೂರಿಸಿದೆ. ಹೆಂಗಿದೆ ಅಂತ ಯಾರನ್ನೂ ಕೇಳಲಿಲ್ಲ. ಬೆರಳು ಎಲ್ಲಿ ನಿಂತಿತು, ಯಾರು ಯಾರ ಕೈಯಿಂದ ಫೋನ್ ಕಿತ್ತುಕೊಂಡರು ಅನ್ನುವುದನ್ನಷ್ಟೇ ಗುರುತು ಹಾಕಿದೆ. ಸಂಜೆ ಬಸ್ಸಿನಲ್ಲಿ ಎಣಿಸಿದಾಗ ನಮ್ಮ ಆಪ್‌ನಲ್ಲಿ ಹತ್ತೊಂಬತ್ತು ತಪ್ಪುಗಳಿದ್ದವು.