ಫಾರ್ವರ್ಡ್ ಆಟದಿಂದ ಅನ್ನ ಸಂಪಾದಿಸಿದ ಬಗೆ

ಫುಟ್‌ಬಾಲನ್ನೇ ವೃತ್ತಿಯಾಗಿಸಿಕೊಳ್ಳಬೇಕೆಂದು ಹೊರಟಿರುವ ಹುಡುಗರು ನನ್ನನ್ನು ಕಂಡಾಗ, ಗೋಲು ಹೊಡೆಯುವುದನ್ನು ಹೇಗೆ ಕಲಿತಿರಿ ಎಂದೇ ಮೊದಲು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಬಲ್ಲೆ, ಮುಂದೆ ಹೇಳುತ್ತೇನೆ ಕೂಡ. ಆದರೆ ಮೂವತ್ತು ದಾಟಿದ ಮೇಲೂ ನನಗೆ ಸಂಬಳ ಸಿಗುವಂತೆ ನೋಡಿಕೊಂಡದ್ದು ನನ್ನ ಗೋಲುಗಳ ಲೆಕ್ಕವಲ್ಲ. ತಂಡವು ನನ್ನನ್ನು ಮೈದಾನದ ಯಾವ ಮೂಲೆಗೆ ತಳ್ಳಿತೋ ಆ ಮೂಲೆಯಲ್ಲಿ ಕೆಲಸಕ್ಕೆ ಬರುವಂತೆ ಆಟವನ್ನು ಮತ್ತೆ ಮತ್ತೆ ತಿದ್ದಿಕೊಂಡದ್ದರಿಂದ ನಾನು ಉಳಿದೆ. ಭಾರತದಲ್ಲಿ ಫಾರ್ವರ್ಡ್ ಆಗಿ, ಅಂದರೆ ಗೋಲು ಹೊಡೆಯಲು ಮುಂದಿನ ಸಾಲಿನಲ್ಲಿ ನಿಂತು, ಆಡಿದ ನನ್ನ ತಲೆಮಾರಿನ ಬಹುಪಾಲು ಆಟಗಾರರ ಕಥೆ ಇದೇ ಎಂದು ನನ್ನ ಅಂದಾಜು.

ನಾನು ಬೆಳೆದದ್ದು ಬೆಂಗಳೂರಿನ ದಂಡು ಪ್ರದೇಶದಲ್ಲಿ. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಗಲ್ಲಿಗಳಲ್ಲಿ ಕ್ರಿಕೆಟ್ಟಿಗಿಂತ ಫುಟ್‌ಬಾಲಿಗೆ ಹೆಚ್ಚು ಮರ್ಯಾದೆ. ಗೌತಮಪುರದಲ್ಲಂತೂ ಪೆಲೆಯ ಪ್ರತಿಮೆಯೇ ಇದೆ. ಹಿರಿಯರ ಬಾಯಲ್ಲಿ ಅಹ್ಮದ್ ಖಾನ್ ಮತ್ತು ಧನರಾಜ್ ಹೆಸರುಗಳು ಆಗಾಗ ಬರುತ್ತಿದ್ದವು. ಇಬ್ಬರೂ ಇಲ್ಲಿಂದ ಕೋಲ್ಕತ್ತಕ್ಕೆ ಹೋಗಿ, ಈಸ್ಟ್ ಬೆಂಗಾಲ್ ತಂಡದ 'ಪಂಚಪಾಂಡವರು' ಎಂದು ಹೆಸರಾದ ಐದು ಫಾರ್ವರ್ಡ್‌ಗಳ ಸಾಲಿನಲ್ಲಿ ಆಡಿದವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ಎದುರು 2–1ರಿಂದ ಸೋತಾಗ ನಮ್ಮ ಕಡೆಯ ಆ ಒಂದು ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ. ಹೀಗಾಗಿ ಫಾರ್ವರ್ಡ್ ಆಗುವುದೆಂದರೆ ಎಂದಾದರೊಂದು ದಿನ ಊರು ಬಿಡುವುದು ಎಂಬ ತಿಳಿವಳಿಕೆ ನಮಗೆ ಚಿಕ್ಕಂದಿನಲ್ಲೇ ಬಂದಿತ್ತು.

ಆಗಿನ ದಾರಿ ಎಲ್ಲರಿಗೂ ಒಂದೇ. ಜಿಲ್ಲಾ ಲೀಗಿನ ಸಿ ಡಿವಿಜನ್‌ನಿಂದ ಹತ್ತುತ್ತಾ ಬಂದು, ಎ ಡಿವಿಜನ್‌ನಲ್ಲೋ ಸೂಪರ್ ಡಿವಿಜನ್‌ನಲ್ಲೋ ಯಾವುದಾದರೂ ಕಾರ್ಖಾನೆ ಅಥವಾ ಇಲಾಖೆಯ ತಂಡದ ಕಣ್ಣಿಗೆ ಬೀಳಬೇಕು. ಮೊದಲು ಸ್ಟೈಪೆಂಡ್ ಆಟಗಾರನಾಗಿ ಸೇರಿ, ಅದೃಷ್ಟವಿದ್ದರೆ ಕ್ರೀಡಾ ಕೋಟಾದಲ್ಲಿ ಕಾಯಂ ನೌಕರಿ ಪಡೆಯಬೇಕು. ಐಟಿಐ, ಎಚ್‌ಎಎಲ್, ಬಿಇಎಂಎಲ್, ಸೇನೆಯ ಎಂಇಜಿ ಮತ್ತು ಎಎಸ್‌ಸಿ ತಂಡಗಳು ಅಶೋಕನಗರದ ಸ್ಟೇಡಿಯಂಗೆ ಇಳಿದ ದಿನ ಗ್ಯಾಲರಿಯಲ್ಲಿ ಕುಳಿತವರು ಆಟಗಾರನ ಹೆಸರಿನ ಜೊತೆಗೆ ಅವನ ಕೆಲಸ ಕಾಯಂ ಆಗಿದೆಯೇ ಎಂಬುದನ್ನೂ ಚರ್ಚಿಸುತ್ತಿದ್ದರು. ನಾನೂ ಅಂಥ ಒಂದು ತಂಡ ಸೇರಿದೆ. ಬೆಳಗ್ಗೆ ಅಭ್ಯಾಸ, ಆಮೇಲೆ ಕಚೇರಿ, ಪಂದ್ಯವಿದ್ದರೆ ಮಧ್ಯಾಹ್ನವೇ ಬಿಡುಗಡೆ.

ಆಟದ ನಿಜವಾದ ಪಾಠ ನಡೆದದ್ದು ಅಲ್ಲಿಯೇ. ನಮ್ಮ ಕೋಚ್ ಹಿಂದೆ ಡಿಫೆಂಡರ್ ಆಗಿದ್ದವರು. ಫಾರ್ವರ್ಡ್‌ಗಳಿಗೆ ಫಾರ್ವರ್ಡ್ ಆಗಿದ್ದವರಿಗಿಂತ ಡಿಫೆಂಡರ್ ಆಗಿದ್ದವರೇ ಒಳ್ಳೆಯ ಗುರುಗಳು ಎಂಬ ನನ್ನ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ. ಡಿಫೆಂಡರನಿಗೆ ಯಾವುದು ಕಷ್ಟವೆಂಬುದನ್ನು ಅವರು ಒಂದೊಂದಾಗಿ ಬಿಡಿಸಿ ಹೇಳುತ್ತಿದ್ದರು. ಚೆಂಡು ಬದಿಯಲ್ಲಿದ್ದಾಗ ಡಿಫೆಂಡರ್ ಅದನ್ನೂ ನೋಡಬೇಕು, ನನ್ನನ್ನೂ ನೋಡಬೇಕು. ನಾನು ಅವನ ಬೆನ್ನಿನ ಕಡೆ, ಭುಜದಾಚೆ ಎರಡು ಹೆಜ್ಜೆ ಸರಿದು ನಿಂತರೆ ಅವನು ಕತ್ತು ತಿರುಗಿಸದೆ ನನ್ನನ್ನು ಕಾಣಲಾರ, ಮತ್ತು ಅವನ ಕತ್ತು ತಿರುಗಿದ ಕ್ಷಣವೇ ನಾನು ಓಡಬೇಕಾದ ಕ್ಷಣ. ಕ್ರಾಸ್, ಅಂದರೆ ಬದಿಯಿಂದ ಗೋಲಿನ ಮುಂದಕ್ಕೆ ಹೊಡೆದ ಚೆಂಡು, ಬರುವ ಮುನ್ನ ಫಾರ್ ಪೋಸ್ಟ್ (ದೂರದ ಕಂಬ) ಕಡೆಗೆ ಹೋಗುವವನಂತೆ ಹೆಜ್ಜೆ ಹಾಕಿ, ಅವನು ತೂಕವನ್ನು ಆ ಕಾಲಿಗೆ ಹಾಕಿದೊಡನೆ ಅವನ ಮುಂದಿನಿಂದ ನಿಯರ್ ಪೋಸ್ಟಿಗೆ (ಹತ್ತಿರದ ಕಂಬಕ್ಕೆ) ನುಗ್ಗುವುದನ್ನು ನಾವು ಚೆಂಡೇ ಇಲ್ಲದೆ ಅಭ್ಯಾಸ ಮಾಡುತ್ತಿದ್ದೆವು. ನೋಡುವವರಿಗೆ ಅದು ವಿಚಿತ್ರವಾಗಿ ಕಂಡಿರಬೇಕು. ನಿಯರ್ ಪೋಸ್ಟಿಗೆ ಓಡಿದವನಿಗೆ ಗೋಲು ಸಿಗುವುದು ಅಪರೂಪ. ಅವನು ತನ್ನ ಜೊತೆ ಒಬ್ಬ ಡಿಫೆಂಡರನನ್ನೂ ಒಮ್ಮೊಮ್ಮೆ ಗೋಲ್‌ಕೀಪರನನ್ನೂ ಎಳೆದುಕೊಂಡು ಹೋಗುವುದರಿಂದ ಹಿಂದೆ ಬರುವ ಇನ್ನೊಬ್ಬ ಫಾರ್ವರ್ಡ್‌ಗೆ ಜಾಗ ತೆರೆಯುತ್ತದೆ. ಆ ಓಟ ಮರುದಿನದ ಪತ್ರಿಕೆಯಲ್ಲಿ ಬರುವುದಿಲ್ಲ. ಕೋಚ್ ಮಾತ್ರ ಅದನ್ನು ಎಣಿಸಿಟ್ಟುಕೊಳ್ಳುತ್ತಿದ್ದರು.

ಪಾಸ್ ಬರುವ ಮುನ್ನವೇ ಎದುರಾಳಿಯ ಡಿಫೆಂಡರ್‌ಗಳನ್ನು ದಾಟಿ ನಿಂತರೆ ತಪ್ಪೆನ್ನುವ ಆಫ್‌ಸೈಡ್ ವಿಷಯದಲ್ಲಿ 1990ರ ನಿಯಮ ಬದಲಾವಣೆ ನಮ್ಮಂಥವರಿಗೆ ದೊಡ್ಡ ಉಪಕಾರ ಮಾಡಿತು. ಅಲ್ಲಿಂದ ಮುಂದೆ ಕೊನೆಯಿಂದ ಎರಡನೆಯ ಎದುರಾಳಿಯ ಸಮಕ್ಕೆ ಇದ್ದವನು ಆನ್‌ಸೈಡ್ ಎನಿಸಿಕೊಂಡ. ಆದರೆ ಸಮಕ್ಕೆ ನಿಂತುಕೊಂಡು ಕಾಯುವವನು ಓಟ ಆರಂಭಿಸುವಷ್ಟರಲ್ಲಿ ಚೆಂಡು ಗೋಲ್‌ಕೀಪರನ ಕೈ ಸೇರಿರುತ್ತದೆ. ಆದ್ದರಿಂದ ಡಿಫೆಂಡರ್‌ಗಳ ಸಾಲಿಗೆ ಅಡ್ಡವಾಗಿ ಓಡುತ್ತಾ ವೇಗ ಹೆಚ್ಚಿಸಿಕೊಂಡು, ಪಾಸ್ ಕೊಡುವವನು ಊರುಗಾಲನ್ನು ಚೆಂಡಿನ ಪಕ್ಕ ನೆಟ್ಟ ಕೂಡಲೇ ಓಟವನ್ನು ಗೋಲಿನತ್ತ ಬಾಗಿಸಬೇಕು. ನಾನು ಚೆಂಡನ್ನು ನೋಡುವುದನ್ನು ಬಿಟ್ಟು ಪಾಸ್ ಕೊಡುವವನ ಪಾದವನ್ನು ನೋಡುವುದಕ್ಕೆ ಅಭ್ಯಾಸ ಮಾಡಿಕೊಂಡದ್ದು ಇದಕ್ಕಾಗಿಯೇ.

ಇನ್ನು ಗೋಲು ಹೊಡೆಯುವ ಮಾತು. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಕೋನದಿಂದ ನುಗ್ಗಿದಾಗ ಬಹುತೇಕ ಹುಡುಗರು ಹತ್ತಿರದ ಕಂಬದ ಮೇಲ್ಭಾಗಕ್ಕೆ ಗುರಿಯಿಟ್ಟು ಜೋರಾಗಿ ಹೊಡೆಯುತ್ತಾರೆ. ನಾನು ಗೋಲ್‌ಕೀಪರನಿಗೆ ಅಡ್ಡಲಾಗಿ, ನೆಲಮಟ್ಟದಲ್ಲಿ, ದೂರದ ಕಂಬದ ಕಡೆಗೆ ಹೊಡೆಯುವುದನ್ನು ರೂಢಿ ಮಾಡಿಕೊಂಡೆ. ಎತ್ತರದ ದೇಹವನ್ನು ನೆಲಕ್ಕೆ ಇಳಿಸಲು ಕೀಪರನಿಗೆ ಸಮಯ ಬೇಕು. ಕೈಗೆ ತಗುಲಿದರೂ ಚೆಂಡು ಹೊರಗೆ ಹೋಗುವ ಬದಲು ಗೋಲಿನ ಮುಂದೆಯೇ ಸಿಡಿಯುವ ಸಂಭವ ಹೆಚ್ಚು, ಅಲ್ಲಿ ನಮ್ಮವನೊಬ್ಬ ಕಾದಿರುತ್ತಾನೆ. ಆದರೆ ಹೊಡೆತದ ಅರ್ಧ ಭಾಗ ಮೊದಲ ಸ್ಪರ್ಶದಲ್ಲೇ ತೀರ್ಮಾನವಾಗಿರುತ್ತದೆ. ಚೆಂಡನ್ನು ಕಾಲಡಿ ಸತ್ತುಹೋಗುವಂತೆ ನಿಲ್ಲಿಸಿದರೆ ಮತ್ತೊಂದು ಹೆಜ್ಜೆ ಬೇಕಾಗುತ್ತದೆ, ಆ ಹೆಜ್ಜೆಯೊಳಗೆ ಡಿಫೆಂಡರ್ ಬಂದುಬಿಡುತ್ತಾನೆ. ಆದ್ದರಿಂದ ಮೊದಲ ಸ್ಪರ್ಶದಲ್ಲೇ ಚೆಂಡನ್ನು ಮುಂದಿನ ಹೆಜ್ಜೆ ಬೀಳುವ ಕಡೆಗೆ ಓರೆಯಾಗಿ ಜಾರಿಸಬೇಕು. ಅಭ್ಯಾಸ ಮುಗಿದ ಮೇಲೆ ಸ್ಟೇಡಿಯಂ ಹಿಂದಿನ ಗೋಡೆಯ ಎದುರು ಇದೊಂದನ್ನೇ ಎರಡೂ ಕಾಲಿನಲ್ಲಿ ಮಾಡುತ್ತಿದ್ದೆ. ಎಡಗಾಲು ಕಡೆಯವರೆಗೂ ಬಲಗಾಲಿನಷ್ಟು ನಂಬಿಕಸ್ತವಾಗಲಿಲ್ಲ, ಆದರೆ ಎದುರಾಳಿ ಅದನ್ನು ಅಲಕ್ಷಿಸುವಂತಿರಲಿಲ್ಲ.

ಮುಂದೆ ಕೋಲ್ಕತ್ತದ ಒಂದು ಸಣ್ಣ ಕ್ಲಬ್ ಕರೆಯಿತು. ಅಲ್ಲಿಯ ಲೀಗ್ ನಡೆಯುತ್ತಿದ್ದುದು ಮಳೆಗಾಲದಲ್ಲಿ, 'ಮೈದಾನ್' ಎಂಬ ದೊಡ್ಡ ಬಯಲಿನ ಕ್ಲಬ್ ಅಂಗಳಗಳಲ್ಲಿ. ಬೆಂಗಳೂರಿನ ಗಟ್ಟಿ ನೆಲದಲ್ಲಿ ಪುಟಿಯುವ ಚೆಂಡಿಗೆ ಒಗ್ಗಿದ್ದ ನನಗೆ, ಗೋಲಿನ ಮುಂದಿನ ಕೆಸರಿನಲ್ಲಿ ಚೆಂಡು ಗಕ್ಕನೆ ನಿಂತುಬಿಡುವುದು ಹೊಸದು. ಅಲ್ಲಿ ಓರೆ ಸ್ಪರ್ಶವೂ ನಡೆಯದು, ಅಡ್ಡಲಾದ ನೆಲಹೊಡೆತವೂ ನಡೆಯದು. ಬೂಟಿನ ತುದಿಯಿಂದ ಕುಕ್ಕಿ ಚೆಂಡನ್ನು ಕೆಸರಿನಿಂದ ಎತ್ತಬೇಕು. ಶಾಲೆಯಲ್ಲಿ ಯಾರಾದರೂ ಹಾಗೆ ಹೊಡೆದರೆ ನಗುತ್ತಿದ್ದೆವು, ಕೋಲ್ಕತ್ತದಲ್ಲಿ ನನ್ನ ಗೋಲುಗಳು ಹೆಚ್ಚಾಗಿ ಬಂದದ್ದು ಆ ಹೊಡೆತದಿಂದಲೇ. ಉದ್ದನೆಯ ಸ್ಟಡ್, ಮೊಣಕಾಲು ಬಾಗಿಸಿದ ಚಿಕ್ಕ ಹೆಜ್ಜೆ, ತಿರುಗುವ ಮುನ್ನ ಡಿಫೆಂಡರನ ಮೈಗೆ ಮೈ ಆನಿಸಿಕೊಂಡು ನಿಲ್ಲುವುದು, ಇವೆಲ್ಲ ಅಲ್ಲಿಯ ಗಳಿಕೆ.

ಆಗ ದೇಶದ ಮೇಲ್ದರ್ಜೆಯ ಲೀಗ್ ಆಗಿದ್ದ ಐ-ಲೀಗ್‌ನ ತಂಡವೊಂದಕ್ಕೆ ಸಹಿ ಹಾಕಿದಾಗ ನನ್ನ ಜಾಗ ಇದ್ದಕ್ಕಿದ್ದಂತೆ ಬೇರೆಯವರದಾಗಿತ್ತು. 2007–08ರಲ್ಲಿ ಆ ಲೀಗ್ ಆರಂಭವಾದ ಮೇಲೆ ಮೊದಲ ಆರು ಋತುಗಳಲ್ಲಿ ಅತಿ ಹೆಚ್ಚು ಗೋಲು ಹೊಡೆದವರೆಂದರೆ ನೈಜೀರಿಯಾದ ಇಬ್ಬರೇ: ಮೊದಲು ಒಡಾಫಾ ಒಕೋಲಿ, ಆಮೇಲೆ ರಾಂಟಿ ಮಾರ್ಟಿನ್ಸ್. ವಿದೇಶಿ ಆಟಗಾರರಿಗೆ ಇರುವ ಕೆಲವೇ ಸ್ಥಾನಗಳನ್ನು ಯಾವ ಕ್ಲಬ್ಬಾದರೂ ಮೊದಲು ತುಂಬುವುದು ಸೆಂಟರ್ ಫಾರ್ವರ್ಡ್ ಮತ್ತು ಸ್ಟಾಪರ್ (ನಡುವಿನ ಡಿಫೆಂಡರ್) ಜಾಗಗಳಲ್ಲಿ. ಇದನ್ನು ಅನ್ಯಾಯವೆಂದು ಕರೆಯುವವರಿದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ. ಗೆದ್ದರೆ ಮಾತ್ರ ಕೆಲಸ ಉಳಿಯುವ ಕೋಚ್, ಗೋಲಿನ ಮುಂದೆ ತನಗೆ ನಂಬಿಕೆಯಿರುವವನನ್ನೇ ನಿಲ್ಲಿಸುತ್ತಾನೆ. ನನ್ನನ್ನು ಬಲ ವಿಂಗ್‌ಗೆ, ಅಂದರೆ ಮೈದಾನದ ಬಲ ಅಂಚಿಗೆ, ಕಳಿಸಿದರು.

ವಿಂಗ್ ಬೇರೆಯದೇ ಕಸುಬು. ಸೆಂಟರ್ ಫಾರ್ವರ್ಡ್ ಗೋಲಿಗೆ ಬೆನ್ನು ಹಾಕಿ ಚೆಂಡು ಪಡೆಯುತ್ತಾನೆ, ವಿಂಗರ್ ಗೋಲಿಗೆ ಮುಖ ಮಾಡಿ, ಒಂದು ಬದಿಯಲ್ಲಿ ಟಚ್‌ಲೈನ್ ಇಟ್ಟುಕೊಂಡು ಪಡೆಯುತ್ತಾನೆ. ಸೆಂಟರ್ ಫಾರ್ವರ್ಡ್ ಚೆಂಡು ಕಳೆದುಕೊಂಡರೆ ಒಂದು ಗಳಿಗೆ ಉಸಿರು ತೆಗೆದುಕೊಳ್ಳಬಹುದು. ವಿಂಗರ್ ಎದುರಾಳಿ ಫುಲ್‌ಬ್ಯಾಕ್‌ನ (ಬದಿಯ ಡಿಫೆಂಡರನ) ಹಿಂದೆ ನಮ್ಮ ಗೋಲಿನ ತನಕ ಓಡಬೇಕು. ನನ್ನಲ್ಲಿ ಅಂಥ ವೇಗವಿರಲಿಲ್ಲ. ಹಾಗಾಗಿ ಫುಲ್‌ಬ್ಯಾಕನ್ನು ಓಟದಲ್ಲಿ ಸೋಲಿಸುವ ಯೋಚನೆ ಬಿಟ್ಟು, ಎದುರಿನ ಬದಿಯಿಂದ ಕ್ರಾಸ್ ಬರುವಾಗ ಅವನ ಬೆನ್ನ ಹಿಂದಿನಿಂದ ಫಾರ್ ಪೋಸ್ಟಿಗೆ ಬರುವುದನ್ನು ನನ್ನ ವಿಶೇಷವನ್ನಾಗಿ ಮಾಡಿಕೊಂಡೆ. ವಿದೇಶಿ ಸ್ಟ್ರೈಕರನ ಸುತ್ತ ಇಬ್ಬರು ಡಿಫೆಂಡರ್‌ಗಳು ಅಂಟಿಕೊಂಡಿರುತ್ತಿದ್ದುದರಿಂದ ನನ್ನ ಮೇಲೆ ಫುಲ್‌ಬ್ಯಾಕ್ ಒಬ್ಬನದೇ ಕಣ್ಣು, ಅವನಿಗೆ ತಲೆಯಿಂದ ಚೆಂಡಾಡುವವರನ್ನು ಕಾಯ್ದು ರೂಢಿಯಿಲ್ಲ. ಇಲಾಖೆಯ ತಂಡದಲ್ಲಿ ಚೆಂಡಿಲ್ಲದೆ ಮಾಡಿದ ಆ ಅಭ್ಯಾಸವೆಲ್ಲ ವಿಂಗಿನಲ್ಲಿ ಬಡ್ಡಿಸಹಿತ ಮರಳಿತು. ಸುನಿಲ್ ಛೆಟ್ರಿಯಂಥ ಸುನಿಲ್ ಛೆಟ್ರಿಯೇ ಬೆಂಗಳೂರು ಎಫ್‌ಸಿಯಲ್ಲಿ, ವೆನೆಜುವೆಲಾದ ಮಿಕು ಮಧ್ಯದಲ್ಲಿದ್ದಾಗ, ಎಡಬದಿಯಿಂದ ಒಳಬಂದು ಗೋಲು ಹೊಡೆಯುತ್ತಿದ್ದುದನ್ನು ಕಂಠೀರವದಲ್ಲಿ ನೋಡಿದವರಿಗೆ ನಾನು ಹೇಳುತ್ತಿರುವುದು ಅರ್ಥವಾದೀತು.

2014ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಬಂದಾಗ ಮೈದಾನದಲ್ಲಿ ಒಂದೇ ಬಾರಿಗೆ ತಂಡವೊಂದರ ಆರು ವಿದೇಶಿಯರು ಇರಬಹುದಾಗಿತ್ತು. ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಅಲ್ಲಿ ಎರವಲು ಆಟಗಾರ, ಹೊಸ ವರ್ಷದಿಂದ ಮತ್ತೆ ಐ-ಲೀಗ್ ಕ್ಲಬ್ಬಿನವ, ಹೀಗೆ ನಮ್ಮಲ್ಲಿ ಅನೇಕರು ವರ್ಷದಲ್ಲಿ ಎರಡು ಒಡೆಯರ ಕೈಕೆಳಗೆ ಆಡಿದೆವು. ನಾನು ಆಡಿದ ನಿಮಿಷಗಳು ಕಡಿಮೆ. ಆದರೆ ಎದುರಾಳಿಯ ವಿಡಿಯೊ ನೋಡುವ ಶಿಸ್ತು, ಪಂದ್ಯದ ಮರುದಿನ ಮಾಡಬೇಕಾದ ಹಗುರ ವ್ಯಾಯಾಮ, ತೊಡೆಯ ಹಿಂಬದಿಯ ಸ್ನಾಯುಗಳನ್ನು ಬಲಪಡಿಸುವ ಕ್ರಮ, ಊಟದಲ್ಲಿ ಅನ್ನ ಎಷ್ಟು ಮೊಟ್ಟೆ ಎಷ್ಟು ಎಂಬ ಲೆಕ್ಕ ನನಗೆ ಸಿಕ್ಕಿದ್ದು ಅಲ್ಲಿ. ಇವೆಲ್ಲ ಇಪ್ಪತ್ತರ ವಯಸ್ಸಿನಲ್ಲಿ ತಿಳಿದಿದ್ದರೆ ಮೊಣಕಾಲು ಇನ್ನೂ ಒಂದಷ್ಟು ಕಾಲ ಮಾತು ಕೇಳುತ್ತಿತ್ತೋ ಏನೋ.

ಹಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಒಂದು ಕ್ಲಬ್ಬಿನಲ್ಲಿ ತಿಂಗಳುಗಟ್ಟಲೆ ಸಂಬಳ ಬರಲಿಲ್ಲ. ಅಂದಿಗೆ ನಮ್ಮ ಕೈಯಲ್ಲಿದ್ದುದು ಬೇಡಿಕೆ ಪತ್ರ ಮಾತ್ರ. 2018ರಲ್ಲಿ ಫಿಫಾ ತನ್ನ ನಿಯಮಾವಳಿಗೆ ಸೇರಿಸಿದ ವಿಧಿಯಂತೆ, ಕನಿಷ್ಠ ಎರಡು ತಿಂಗಳ ಸಂಬಳ ಬಾಕಿಯಿದ್ದರೆ ಆಟಗಾರನು ಲಿಖಿತ ನೋಟಿಸ್ ಕೊಟ್ಟು, ಹದಿನೈದು ದಿನಗಳ ಗಡುವು ನೀಡಿ, ಆಮೇಲೂ ಹಣ ಬಾರದಿದ್ದರೆ ಒಪ್ಪಂದವನ್ನು ಮುರಿಯಬಹುದು. ಇಂದಿನ ಹುಡುಗರು ಸಹಿ ಹಾಕುವ ಮುನ್ನ ಒಪ್ಪಂದದ ಪ್ರತಿಯನ್ನು ಕೇಳಿ ಪಡೆದು ಇಟ್ಟುಕೊಳ್ಳಬೇಕು. ಪ್ರತಿ ಕೈಯಲ್ಲಿಲ್ಲದವನಿಗೆ ಯಾವ ವಿಧಿಯೂ ಉಪಯೋಗಕ್ಕೆ ಬಾರದು.

ಕೊನೆಯ ಋತುಗಳಲ್ಲಿ ನಾನು ಬದಲಿ ಆಟಗಾರ. ಎಪ್ಪತ್ತನೇ ನಿಮಿಷದ ಸುಮಾರಿಗೆ ಒಳಗೆ ಹೋಗುವವನ ಕೆಲಸ ಮೊದಲ ನಿಮಿಷದಿಂದಲೇ ಆರಂಭವಾಗುತ್ತದೆ ಎಂಬುದು ಬೆಂಚಿನಲ್ಲಿ ಕುಳಿತವರಲ್ಲಿ ಬಹಳ ಮಂದಿಗೆ ಹೊಳೆಯುವುದಿಲ್ಲ. ಯಾವ ಸ್ಟಾಪರ್ ಹಳದಿ ಕಾರ್ಡ್ ಪಡೆದಿದ್ದಾನೆ, ಯಾವ ಫುಲ್‌ಬ್ಯಾಕ್ ಸೊಂಟದ ಮೇಲೆ ಕೈಯಿಟ್ಟು ನಿಲ್ಲತೊಡಗಿದ್ದಾನೆ, ಗೋಲ್‌ಕೀಪರ್ ಕ್ರಾಸಿಗೆ ಮುಂದೆ ಬರುತ್ತಾನೋ ಗೆರೆಯ ಮೇಲೇ ಉಳಿಯುತ್ತಾನೋ, ಅವನ ಹಿಡಿತ ತಪ್ಪಿ ಚೆಂಡು ಯಾವ ಕಡೆ ಸಿಡಿಯುತ್ತದೆ, ಇವನ್ನೆಲ್ಲ ಗಮನಿಸಿಟ್ಟುಕೊಳ್ಳುತ್ತಿದ್ದೆ. ಒಳಗೆ ಹೋದೊಡನೆ ಹಳದಿ ಕಾರ್ಡ್ ಇರುವವನ ಪಕ್ಕವೇ ನಿಲ್ಲುತ್ತಿದ್ದೆ; ಅವನು ತಡೆಯಲು ಹೆದರುತ್ತಾನೆ. ಹೊಸ ಕಾಲು ಎಂಬ ಹುಮ್ಮಸ್ಸಿನಲ್ಲಿ ಎಲ್ಲೆಡೆ ಓಡಾಡುವ ಬದಲು ಒಂದೇ ಜಾಗವನ್ನು ಪದೇ ಪದೇ ಕೆಣಕುವುದು ಹೆಚ್ಚು ಫಲ ಕೊಟ್ಟಿತು. ಬೇಸಿಗೆಯಲ್ಲಿ ಕೇರಳದ ಮಲಪ್ಪುರಂ ಕಡೆಯ ಸೆವೆನ್ಸ್ (ಏಳು ಜನರ ತಂಡದ) ಪಂದ್ಯಾವಳಿಗಳಲ್ಲೂ ಆಡಿದೆ. ಅಲ್ಲಿ ಪಂದ್ಯ ಮುಗಿದ ಕೂಡಲೇ ಕೈಗೆ ಹಣ, ಮೊಣಕಾಲಿಗೆ ಮಾತ್ರ ವಿರಾಮವಿಲ್ಲ.

ಈಗ ತರಬೇತುದಾರನ ಪರವಾನಗಿ ಪಡೆದು ಹುಡುಗರಿಗೆ ಹೇಳಿಕೊಡುತ್ತಿದ್ದೇನೆ. ಐಎಸ್‌ಎಲ್‌ನಲ್ಲಿ ಮೈದಾನದ ವಿದೇಶಿಯರ ಸಂಖ್ಯೆ 2017–18ರಲ್ಲಿ ಐದಕ್ಕೆ, 2021–22ರಲ್ಲಿ ನಾಲ್ಕಕ್ಕೆ ಇಳಿದರೂ ಸೆಂಟರ್ ಫಾರ್ವರ್ಡ್ ಜಾಗ ಹೆಚ್ಚಾಗಿ ಅವರ ಬಳಿಯೇ ಉಳಿದಿದೆ. 2024ರ ಜೂನ್‌ನಲ್ಲಿ 94 ಗೋಲುಗಳೊಂದಿಗೆ ರಾಷ್ಟ್ರೀಯ ತಂಡದಿಂದ ನಿವೃತ್ತರಾದ ಛೆಟ್ರಿಯವರನ್ನು ಮರು ವರ್ಷದ ಮಾರ್ಚ್‌ನಲ್ಲಿ, ನಲವತ್ತರ ವಯಸ್ಸಿನಲ್ಲಿ, ಮತ್ತೆ ಕರೆಯಬೇಕಾಯಿತು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ಅವರು ಗೋಲನ್ನೂ ಹೊಡೆದರು. ಅಕಾಡೆಮಿಗಳ ಟ್ರಯಲ್ಸ್‌ಗೆ ಬರುವ ಚುರುಕಾದ ಹುಡುಗರೆಲ್ಲ ತಮ್ಮನ್ನು ವಿಂಗರ್ ಎಂದೇ ಪರಿಚಯಿಸಿಕೊಳ್ಳುತ್ತಾರೆ, ಯಾಕೆಂದರೆ ಅವಕಾಶ ಇರುವುದು ಅಲ್ಲಿ ಎಂಬುದು ಅವರಿಗೂ ಅವರ ಅಪ್ಪಂದಿರಿಗೂ ಗೊತ್ತು. ನಾನು ಅವರಲ್ಲಿ ಗಟ್ಟಿ ಮೈಯ ಇಬ್ಬರನ್ನು ಆರಿಸಿ, ವಾರದ ಮೂರು ದಿನ ಗೋಲಿಗೆ ಬೆನ್ನು ಹಾಕಿಸಿ ನಿಲ್ಲಿಸುತ್ತೇನೆ, ಉಳಿದ ದಿನಗಳಲ್ಲಿ ವಿಂಗಿನಲ್ಲಿ ಆಡಿಸುತ್ತೇನೆ. ಒಬ್ಬನ ತಂದೆ, ಮಗನನ್ನು ಯಾವುದಾದರೂ ಒಂದು ಜಾಗದಲ್ಲಿ ಆಡಿಸಿ ಸರ್ ಎಂದು ಕೇಳಿಕೊಂಡರು. ಎರಡನ್ನೂ ಕಲಿಯದೆ ಕ್ಲಬ್ಬಿನ ಟ್ರಯಲ್ಸ್‌ಗೆ ಕಳಿಸುವುದಿಲ್ಲವೆಂದು ಅವರಿಗೆ ತಿಳಿಸಿದ್ದೇನೆ.