ಗೋಲ್ಡನ್ ವೀಕ್ ಗದ್ದಲದ ನಡುವೆ ಏಷ್ಯನ್ ಗೇಮ್ಸ್ ನೋಡಿದ್ದು ಹೀಗೆ

ಚೀನಾದಲ್ಲಿ ಎಲ್ಲಿಗೇ ಹೊರಟರೂ ನಾನು ಮೊದಲು ನೋಡುವುದು ಅಲ್ಲಿನ ಸರ್ಕಾರಿ ರಜೆಯ ಪಟ್ಟಿ. ರೂಮು, ರೈಲು ಎಲ್ಲ ಆಮೇಲೆ. ಅಲ್ಲಿ ರಜೆ ಅಂದರೆ ಇಡೀ ದೇಶಕ್ಕೆ ಒಟ್ಟಿಗೆ ರಜೆ. ಅಕ್ಟೋಬರ್ 1ರ ರಾಷ್ಟ್ರೀಯ ದಿನದ ವಾರ, ಅಂದರೆ ಗೋಲ್ಡನ್ ವೀಕ್, ಬಂತೆಂದರೆ ಕೋಟಿಗಟ್ಟಲೆ ಜನ ಒಂದೇ ಸಲ ಮನೆ ಬಿಡುತ್ತಾರೆ.

2023ರಲ್ಲಿ ನಾನು ಶಾಂಘೈನಲ್ಲಿ ಕೆಲಸದಲ್ಲಿದ್ದೆ. ಹಾಂಗ್‌ಝೌ ಏಷ್ಯನ್ ಗೇಮ್ಸ್ ಸೆಪ್ಟೆಂಬರ್ 23ರಿಂದ ಅಕ್ಟೋಬರ್ 8ರವರೆಗೆ ಇತ್ತು. ಚಂದ್ರನ ಹಬ್ಬ ಸೆಪ್ಟೆಂಬರ್ 29ಕ್ಕೆ ಬಿದ್ದಿತ್ತು. ಹಾಗಾಗಿ ಅಂದಿನಿಂದ ಅಕ್ಟೋಬರ್ 6ರವರೆಗೆ ರಜೆಯೋ ರಜೆ. ಹಾಂಗ್‌ಝೌ ಅಂದರೆ ವೆಸ್ಟ್ ಲೇಕ್ ಇರುವ ಊರು. ಆಟ ಇಲ್ಲದಿದ್ದರೂ ಆ ವಾರ ಅಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ.

ಊರೊಳಗೆ ರೂಮು ಹುಡುಕುವ ಗೋಜಿಗೇ ನಾನು ಹೋಗಲಿಲ್ಲ. ಪಕ್ಕದ ಶಾವೊಶಿಂಗ್‌ನ ಕೆಚಿಯಾವೊದಲ್ಲಿ ಉಳಿದುಕೊಂಡೆ. ಅದು ದೊಡ್ಡ ಬಟ್ಟೆ ಮಾರುಕಟ್ಟೆಯ ಜಾಗ. ನಮ್ಮ ದೇಶದ ಜವಳಿ ವ್ಯಾಪಾರಿಗಳು ವರ್ಷವಿಡೀ ಬಂದು ಹೋಗುತ್ತಾರೆ. ಹಾಗಾಗಿ ಭಾರತದ ಪಾಸ್‌ಪೋರ್ಟ್ ಕಂಡು ರಿಸೆಪ್ಷನ್‌ನವರು ಗಲಿಬಿಲಿಯಾಗುವುದಿಲ್ಲ, ರಾತ್ರಿ ಹಸಿದು ಬಂದರೆ ದಾಲ್ ರೊಟ್ಟಿಯೂ ಸಿಗುತ್ತದೆ. ಶಾವೊಶಿಂಗ್ ಮೆಟ್ರೋ ಹತ್ತಿ ಗುನಿಯಾಂಗ್‌ಚಿಯಾವೊ ಸ್ಟೇಷನ್‌ನಲ್ಲಿ ಹಾಂಗ್‌ಝೌ 5ನೇ ಲೈನಿಗೆ ಬದಲಾದರೆ ಆಯ್ತು. ಕ್ರೀಡಾಂಗಣದ ತನಕ ಮೆಟ್ರೋದಲ್ಲೇ ಹೋಗಬಹುದು. ದೊಡ್ಡ ಕೂಟ ನಡೆಯುವ ಊರಿನ ಮೆಟ್ರೋ ಪಕ್ಕದ ಯಾವ ಊರಿನ ತನಕ ಹೋಗುತ್ತದೆ ಅಂತ ನಾನು ಈಗಲೂ ಮೊದಲು ಮ್ಯಾಪ್‌ನಲ್ಲಿ ನೋಡುತ್ತೇನೆ. ಇದರಷ್ಟು ದುಡ್ಡು ಉಳಿಸುವ ಕೆಲಸ ಬೇರೆ ಇಲ್ಲ.

ರೈಲಿನ ಟಿಕೆಟ್ ಚೀನಾ ರೈಲ್ವೆಯ 12306 ಆ್ಯಪ್‌ನಲ್ಲಿ. ಹೊರಡುವ ದಿನವೂ ಸೇರಿ 15 ದಿನ ಮೊದಲು ಬುಕಿಂಗ್ ಬಿಡುತ್ತಾರೆ. ಸೆಪ್ಟೆಂಬರ್ 29ರ ಟಿಕೆಟ್ 15ಕ್ಕೇ ಬಿಟ್ಟಿದ್ದರು. ಒಂದೊಂದು ಸ್ಟೇಷನ್ನಿಗೆ ಒಂದೊಂದು ಹೊತ್ತು, ಅದನ್ನು ಮೊದಲೇ ಗುರುತು ಹಾಕಿಕೊಳ್ಳಬೇಕು. ಸಿಗದಿದ್ದರೆ ಸುಮ್ನೆ ಕೂರಬೇಡಿ, ವೇಟಿಂಗ್ ಲಿಸ್ಟ್‌ಗೆ ಹಾಕಿ. ನಿಮ್ಮ ಪಾಸ್‌ಪೋರ್ಟೇ ಟಿಕೆಟ್. ಆದರೆ ಗೇಟಿನಲ್ಲಿ ಸಿಬ್ಬಂದಿ ಇರುವ ಸಾಲಿಗೆ ಹೋಗುವುದು ಒಳ್ಳೆಯದು. ರಜೆಯ ಹಿಂದಿನ ಸಂಜೆ, ಮೊದಲ ಬೆಳಗ್ಗೆ, ಕೊನೆಯ ದಿನ ಇವಿಷ್ಟನ್ನು ನಾನು ಬಿಟ್ಟೇ ಬಿಡುತ್ತೇನೆ. 30ರ ಬೆಳಗಿನ ಜಾವ ಹೊರಟು, ಅಕ್ಟೋಬರ್ 5ಕ್ಕೆ ಎಲ್ಲರಿಗಿಂತ ಮೊದಲೇ ವಾಪಸಾದೆ.

ಪಂದ್ಯದ ಟಿಕೆಟ್ ತಗೊಳ್ಳುವಾಗ ಯಾರು ಆಡುತ್ತಾರೆ ಅಂತ ಗೊತ್ತಿರುವುದಿಲ್ಲ ಅಲ್ವಾ? ನಾನು ಫೈನಲ್ ನಡೆಯುವ ದಿನ ನೋಡಿ ತಗೊಂಡೆ. 30ಕ್ಕೆ ಟೆನಿಸ್ ಮಿಶ್ರ ಡಬಲ್ಸ್ ಫೈನಲ್. ಅಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ, ಜೊತೆಗೆ ಋತುಜಾ ಭೋಸ್ಲೆ! ಎದುರಿಗೆ ಚೈನೀಸ್ ತೈಪೆ (ತೈವಾನ್) ಜೋಡಿ. ಮೊದಲ ಸೆಟ್ 2-6ರಲ್ಲಿ ಹೋಯಿತು. ಎರಡನೆಯದನ್ನು 6-3ಕ್ಕೆ ಎಳೆದುಕೊಂಡರು. ಆಮೇಲೆ ಟೈಬ್ರೇಕ್, 10-4. 43ರ ವಯಸ್ಸಿನಲ್ಲಿ ಚಿನ್ನ. ಗಂಟಲು ಹರಿಯುವ ಹಾಗೆ ಕೂಗಿದೆ. ಅಕ್ಟೋಬರ್ 4ರ ಸಂಜೆ ದೊಡ್ಡ ಕ್ರೀಡಾಂಗಣದಲ್ಲಿ ನೀರಜ್ ಚೋಪ್ರಾ ಜಾವೆಲಿನ್ 88.88 ಮೀಟರ್ ಎಸೆದದ್ದು, ಕಿಶೋರ್ ಜೆನಾ ಬೆಳ್ಳಿ ಗೆದ್ದದ್ದು, ಎರಡೂ ಕಣ್ಣಾರೆ ಕಂಡೆ.

ವೆಸ್ಟ್ ಲೇಕ್ ನೋಡಲೇಬೇಕು ಅನಿಸಿದರೆ ಬೆಳಗ್ಗೆ ಆರಕ್ಕೆ ಹೋಗಿ. ಬ್ರೋಕನ್ ಬ್ರಿಡ್ಜ್ ಮೇಲೆ ಆಗ ನಡೆದಾಡಬಹುದು. ಹತ್ತು ಗಂಟೆಯಾದರೆ ಜನರೇ ನಿಮ್ಮನ್ನು ದೂಡಿಕೊಂಡು ಹೋಗುತ್ತಾರೆ.

ಚೀನೀ ಹೊಸ ವರ್ಷದ ಹಬ್ಬಕ್ಕೆ ಲೆಕ್ಕ ಸ್ವಲ್ಪ ಬೇರೆ. ಕೆಲಸಕ್ಕೆ ಬಂದವರೆಲ್ಲ ತಮ್ಮೂರಿಗೆ ಹೋಗುವುದರಿಂದ ಹಬ್ಬದ ಹೊತ್ತಿಗೆ ಶಾಂಘೈನ ಎಷ್ಟೋ ಬೀದಿಗಳು ಖಾಲಿ ಹೊಡೆಯುತ್ತವೆ. ಆಗ ದೊಡ್ಡ ಊರಲ್ಲೇ ಇದ್ದು ಸುತ್ತುವುದು ನನಗೆ ಇಷ್ಟ. ಆದರೆ ಮೊದಲ ಒಂದೆರಡು ದಿನ ಸಣ್ಣಪುಟ್ಟ ಊಟದ ಅಂಗಡಿಗಳು ಜಾಸ್ತಿ ಮುಚ್ಚಿರುತ್ತವೆ. ಸಸ್ಯಾಹಾರಿಗಳಾದರೆ ಅಕ್ಕಿ, ಬೇಳೆ, ತರಕಾರಿ ತಂದಿಟ್ಟುಕೊಂಡು, ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ.