ಒಂದು ಅಲೆಗೆ ಒಬ್ಬರು: ಜನ ತುಂಬಿದ ಕಡಲಲ್ಲಿ ಸರ್ಫಿಂಗ್ ಕ್ರಮ

ಮೊದಲು ಒಂದು ಲೆಕ್ಕ ಹಾಕಿ. 8 ನಿಮಿಷಕ್ಕೊಂದು ಸೆಟ್ (ಒಂದರ ಹಿಂದೊಂದು ಬರುವ ದೊಡ್ಡ ಅಲೆಗಳ ಗುಂಪು) ಬರುತ್ತಿದೆ, ಒಂದೊಂದು ಸೆಟ್ಟಿನಲ್ಲೂ ಹಿಡಿಯಲು ಯೋಗ್ಯವಾದ ಅಲೆ ನಾಲ್ಕು ಎಂದಿಟ್ಟುಕೊಂಡರೆ ಗಂಟೆಗೆ ಸಿಗುವುದು 30 ಅಲೆ. ನೀರಿನಲ್ಲಿ 20 ಜನ ಇದ್ದರೆ ತಲಾ ಒಂದೂವರೆ. ತೋಳಿನಲ್ಲಿ ಕಸುವಿರುವ ಇಬ್ಬರು ಆರಾರು ಹೊಡೆದುಕೊಂಡರೆ ಉಳಿದ 18 ಮಂದಿಗೆ ಒಂದೊಂದೇ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಬಸ್ಸು ಹತ್ತಿ ಮೂಲ್ಕಿಗೋ ಕೋವಳಂಗೋ ಬಂದವರ ಕೈಯಲ್ಲಿರುವುದು ಎರಡೇ ಬೆಳಗು. ಜಗಳ ಹುಟ್ಟುವುದೇ ಇಲ್ಲಿ. ಆದರೆ ಕೆಳಗಿನ ಕ್ರಮಗಳಿರುವುದು ಬರೀ ಮರ್ಯಾದೆಗಲ್ಲ; ಅಡ್ಡ ಬಂದ ಬೋರ್ಡಿನ ಫಿನ್ (ಅಡಿಯಲ್ಲಿರುವ ಚೂಪು ರೆಕ್ಕೆ) ತೊಡೆ ಸೀಳಬಾರದು ಎಂಬುದಕ್ಕೆ.

ಅಲೆ ಯಾರದ್ದು

ಅಲೆ ಮೊದಲು ಮುರಿಯುವ ಜಾಗವೇ ಪೀಕ್. ಅಲ್ಲಿಂದ ನೊರೆ ಎಡಕ್ಕೋ ಬಲಕ್ಕೋ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಇನ್ನೂ ಮುರಿಯದೆ ಇಳಿಜಾರಾಗಿ ನಿಂತ ಭಾಗಕ್ಕೆ ಶೋಲ್ಡರ್ ಅನ್ನುತ್ತಾರೆ. ಪೀಕಿಗೆ ಯಾರು ಹತ್ತಿರವೋ ಅಲೆ ಅವರದ್ದು. ಅವರು ಎದ್ದು ನಿಂತು ಬರುತ್ತಿರುವಾಗ ಶೋಲ್ಡರಿನಿಂದ ಇನ್ನೊಬ್ಬರು ಮುಂದೆ ಇಳಿದರೆ ಅದು ಡ್ರಾಪ್ ಇನ್, ಈ ಆಟದಲ್ಲಿ ಎಲ್ಲರೂ ಒಪ್ಪುವ ದೊಡ್ಡ ತಪ್ಪು. ಸ್ಪರ್ಧೆಗಳಲ್ಲಿ ಹೀಗೆ ಅಡ್ಡ ಬಂದವರ ಅಂಕಕ್ಕೇ ಕತ್ತರಿ ಬೀಳುತ್ತದೆ.

ಹೊಸಬರು ಬೇಕೆಂದೇ ಹೀಗೆ ಮಾಡುವುದು ಅಪರೂಪ. ಬೋರ್ಡಿನ ಮೇಲೆ ಮಲಗಿ ಕೈಯಿಂದ ನೀರು ಬೀಸುತ್ತ ಪ್ಯಾಡಲ್ ಮಾಡುವಾಗ ಕಣ್ಣು ದಡದ ಮೇಲೋ ಬೋರ್ಡಿನ ಮೂತಿಯ ಮೇಲೋ ನೆಟ್ಟಿರುತ್ತದೆ, ಪಕ್ಕದಿಂದ ಬರುವವರು ಕಾಣುವುದಿಲ್ಲ. ಹಾಗಾಗಿ ನೋಟವನ್ನು ಕೈ ಬೀಸಿನ ಜೊತೆ ಹೊಂದಿಸಿಕೊಳ್ಳಿ. ತಿರುಗುವ ಮುಂಚೆ ಒಮ್ಮೆ ಪೀಕಿನ ಕಡೆ ನೋಡಿ. ನಾಲ್ಕೈದು ಬೀಸು ಹಾಕಿದ ಮೇಲೆ, ಬೋರ್ಡಿನ ಹಿಂಭಾಗ ಏಳತೊಡಗಿದಾಗ, ಹೆಗಲ ಮೇಲಿಂದ ಮತ್ತೊಮ್ಮೆ. ಎದ್ದು ನಿಲ್ಲುವ ಮುನ್ನ ಮೂರನೆಯ ಸಲ. ಈ ಮೂರನೆಯ ನೋಟವನ್ನೇ ಬಹಳ ಮಂದಿ ಬಿಡುತ್ತಾರೆ. ಯಾರಾದರೂ ಕಂಡರೆ ಎರಡೂ ಕೈಯಲ್ಲಿ ಬೋರ್ಡಿನ ಅಂಚು ಹಿಡಿದು, ಎದೆ ಎತ್ತಿ, ಭಾರ ಹಿಂದಕ್ಕೆ ಹಾಕಿ. ಮೂತಿ ಮೇಲೆದ್ದು ಬೋರ್ಡ್ ನಿಲ್ಲುತ್ತದೆ, ಅಲೆ ಅಡಿಯಿಂದ ಹಾದುಹೋಗುತ್ತದೆ.

ಎಡ ಬಲದ ಗೊಂದಲ ಬೇರೆ ಇದೆ. ಸರ್ಫಿಂಗ್‌ನಲ್ಲಿ ದಿಕ್ಕು ಹೇಳುವುದು ದಡಕ್ಕೆ ಮುಖ ಮಾಡಿ ಅಲೆಯ ಮೇಲಿರುವವರ ಲೆಕ್ಕದಲ್ಲಿ. ಅವರು ಬಲಕ್ಕೆ ಹೋದರೆ ದಡದಲ್ಲಿ ನಿಂತವರಿಗೆ ಎಡಕ್ಕೆ ಹೋದಂತೆ ಕಾಣುತ್ತದೆ. ಪೀಕ್ ಎರಡೂ ಕಡೆಗೆ ಬಿಚ್ಚುವಂತಿದ್ದರೆ ಇಬ್ಬರು ಹಂಚಿಕೊಳ್ಳಬಹುದು: ಒಬ್ಬರು ‘ಲೆಫ್ಟ್’, ಇನ್ನೊಬ್ಬರು ‘ರೈಟ್’ ಎಂದು ಕೂಗಿ ಹೊರಡಬೇಕು. ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು, ಬಾಯಿ ಬಿಟ್ಟೇ ಹೇಳಬೇಕು.

ಡ್ರಾಪ್ ಇನ್‌ನ ಅಣ್ಣ ಸ್ನೇಕಿಂಗ್. ಆಗಲೇ ಸರಿಯಾದ ಜಾಗದಲ್ಲಿ ಕಾದು ಕೂತವರ ಹಿಂದಿನಿಂದ ಸುತ್ತುಹಾಕಿ ಪೀಕಿನ ಕಡೆಗೆ ಸೇರಿಕೊಂಡು ‘ನಾನೇ ಹತ್ತಿರ’ ಅನ್ನುವುದು. ಮೇಲ್ನೋಟಕ್ಕೆ ನಿಯಮ ಮುರಿದಿಲ್ಲ, ಆದರೆ ಹೆಚ್ಚು ಸಿಟ್ಟು ಬರಿಸುವುದು ಇದೇ. ಒಂದು ಅಲೆ ಓಡಿಸಿ ವಾಪಸ್ ಬಂದ ಮೇಲೆ ಕಾಯುತ್ತಿದ್ದವರಿಗೆ ಮೊದಲ ಅವಕಾಶ ಬಿಡಿ. ಲಾಂಗ್‌ಬೋರ್ಡ್ ಅಥವಾ ಸ್ಟ್ಯಾಂಡ್ ಅಪ್ ಪ್ಯಾಡಲ್ ಬೋರ್ಡ್ ಇರುವವರು ಇದನ್ನು ಇನ್ನಷ್ಟು ನೆನಪಿಡಬೇಕು. ಉದ್ದ ಬೋರ್ಡಿಗೆ ಅಲೆ ದೂರದಲ್ಲೇ ಸಿಕ್ಕಿಬಿಡುತ್ತದೆ. ಸಿಗುತ್ತದೆಂದು ಎಲ್ಲವನ್ನೂ ಹಿಡಿದರೆ ದಡದ ಕಡೆ ಕೂತವರಿಗೆ ಉಳಿಯುವುದು ನೊರೆ. ಎರಡು ಬಿಟ್ಟು ಮೂರನೆಯದಕ್ಕೆ ಹೋಗುವುದು ಒಳ್ಳೆಯ ರೂಢಿ.

ಒಳಗೆ ಹೋಗುವಾಗ

ಹತ್ತು ನಿಮಿಷ ದಡದಲ್ಲೇ ಕೂತು ನೋಡಿ. ಅಲೆ ಎಲ್ಲಿ ಮುರಿಯುತ್ತಿದೆ, ಎಲ್ಲಿ ಮುರಿಯದೆ ನೀರು ಕಪ್ಪಗೆ ಕಾಣುತ್ತಿದೆ, ಜನ ಎಲ್ಲಿಂದ ಅಲೆಗಳಾಚೆ ಹೋಗುತ್ತಿದ್ದಾರೆ? ಆ ಕಪ್ಪು ಜಾಗ ಸಾಮಾನ್ಯವಾಗಿ ಆಳ ಹೆಚ್ಚಿರುವ ಚಾನೆಲ್. ಅಲ್ಲಿಂದ ಸುತ್ತಿ ಹೋದರೆ ಯಾರ ದಾರಿಗೂ ಅಡ್ಡವಾಗುವುದಿಲ್ಲ.

ನಡುದಾರಿಯಲ್ಲಿ ಎದುರಿಗೆ ಒಬ್ಬರು ಅಲೆಯ ಮೇಲೆ ಬರುತ್ತಿದ್ದಾರೆ ಅನ್ನಿ. ಮೈ ಉಳಿಸಿಕೊಳ್ಳಲು ಶೋಲ್ಡರಿನ ಕಡೆ ಓಡಬೇಕೆನಿಸುತ್ತದೆ. ಆದರೆ ಅವರು ಹೋಗಬೇಕಾದದ್ದೂ ಅಲ್ಲಿಗೇ! ನೀವು ನೊರೆಯ ಕಡೆಗೆ, ಅಂದರೆ ಅವರು ದಾಟಿಬಂದ ಭಾಗದ ಕಡೆಗೆ ಹೋಗಿ, ಹೊಡೆತ ತಿನ್ನಿ. ತೀರಾ ಹತ್ತಿರ ಬಂದಿದ್ದರೆ ಅತ್ತಿತ್ತ ಒದ್ದಾಡದೆ ಇದ್ದಲ್ಲೇ ಇರಿ. ನಿಂತ ವಸ್ತುವನ್ನು ತಪ್ಪಿಸುವುದು ಅವರಿಗೆ ಸುಲಭ.

ನೊರೆ ಬಂತೆಂದು ಬೋರ್ಡ್ ಎಸೆದು ಮುಳುಗಬೇಡಿ. 8 ಅಡಿ ಬೋರ್ಡ್, ಅದನ್ನು ಕಾಲಿಗೆ ಕಟ್ಟುವ 8 ಅಡಿ ಹಗ್ಗ, ಅಂದರೆ ಲೀಶ್, ಸೇರಿದರೆ 16 ಅಡಿ. ಲೀಶ್ ಹಿಗ್ಗುವುದನ್ನೂ ನಿಮ್ಮ ಕಾಲಿನ ಉದ್ದವನ್ನೂ ಕೂಡಿಸಿದರೆ ನಿಮ್ಮ ಹಿಂದೆ ಸುಮಾರು 20 ಅಡಿಯವರೆಗೆ ಯಾರ ತಲೆಗಾದರೂ ಬೋರ್ಡ್ ಬಡಿಯಬಹುದು. ಸ್ಪಂಜಿನ ಮೈಯ ಕಲಿಕೆ ಬೋರ್ಡ್ ಆದರೂ ನೊರೆ ಅದನ್ನು ತಳ್ಳುವ ರಭಸ ಸಣ್ಣದಲ್ಲ. ದೊಡ್ಡ ಬೋರ್ಡಿಗೆ ಟರ್ಟಲ್ ರೋಲ್ ಕಲಿಯಿರಿ: ಅಲೆಗೆ ನೇರವಾಗಿ ಮೂತಿ ಇಟ್ಟು, ಅಂಚುಗಳನ್ನು ಬಿಗಿಯಾಗಿ ಹಿಡಿದು, ಬೋರ್ಡ್ ಸಮೇತ ಮಗುಚಿಕೊಳ್ಳಿ. ನೊರೆ ದಾಟಿದ ಮೇಲೆ ಮತ್ತೆ ಮಗುಚಿ. ಲೀಶ್ ಇದೆಯೆಂಬ ಧೈರ್ಯವೂ ಅತಿಯಾಗಬಾರದು. 1970ರ ದಶಕದ ಆರಂಭದಲ್ಲಿ, ಲೀಶ್ ಹೊಸದಾಗಿದ್ದಾಗ, ವೆಟ್‌ಸೂಟ್ ಉದ್ಯಮಿ ಜ್ಯಾಕ್ ಓ'ನೀಲ್ ಕಣ್ಣು ಕಳೆದುಕೊಂಡದ್ದು ಲೀಶ್ ರಬ್ಬರಿನಂತೆ ಜಗ್ಗಿ ಬೋರ್ಡನ್ನು ಮುಖಕ್ಕೇ ವಾಪಸ್ ಎಸೆದಾಗ. ಬಿದ್ದು ಮೇಲೇಳುವಾಗ ಈಗಲೂ ಮುಖಕ್ಕೆ ಕೈ ಅಡ್ಡ ಹಿಡಿದೇ ಏಳಿ.

ಮೀನುಗಾರರು ಮೊದಲು

ನಮ್ಮ ಕರಾವಳಿಯಲ್ಲಿ ಪೀಕಿಗಿಂತ ದೊಡ್ಡ ಹಕ್ಕು ಇನ್ನೊಂದಿದೆ. ಸಸಿಹಿತ್ಲುವಿನ ಹತ್ತಿರ ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಅಳಿವೆ ಇದೆ. ನದಿ ತಂದು ಹಾಕುವ ಮರಳುದಿಬ್ಬದಿಂದಲೇ ಇಂಥ ಕಡೆ ಅಲೆ ಚೆನ್ನಾಗಿ ಮುರಿಯುವುದು, ದೋಣಿಗಳು ಹೊರಗೆ ಹೋಗಿ ಬರುವುದೂ ಅಳಿವೆ ಬಾಗಿಲಿನಿಂದಲೇ. ಹಿಂದಿನಿಂದ ಅಲೆ ಎತ್ತಿಕೊಂಡು ತರುತ್ತಿರುವ ದೋಣಿಗೆ ಬ್ರೇಕ್ ಇಲ್ಲ, ಬೇಕೆಂದ ಹಾಗೆ ತಿರುಗಲೂ ಆಗುವುದಿಲ್ಲ. ಎಂಜಿನ್ ಸದ್ದು ಕೇಳಿದರೆ ಎಷ್ಟೇ ಒಳ್ಳೆಯ ಅಲೆ ಬರುತ್ತಿದ್ದರೂ ಬಿಟ್ಟು ಬದಿಗೆ ಸರಿಯಿರಿ.

ಕೈರಂಪಣಿ ಬಲೆ ಎಳೆಯುತ್ತಿದ್ದರೆ ದಡದಲ್ಲಿ ಜನ ಎರಡು ಗುಂಪಾಗಿ ಹಗ್ಗ ಹಿಡಿದು ನಿಂತಿರುವುದು ಕಾಣುತ್ತದೆ. ಆ ಎರಡು ಹಗ್ಗಗಳ ನಡುವಿನ ಅಷ್ಟೂ ನೀರು ಬಲೆಯದ್ದು. ಅದರೊಳಗೆ ಇಳಿದರೆ ಮೀನು ಚದುರುತ್ತದೆ, ಅವರ ದಿನದ ದುಡಿಮೆ ಹೋಗುತ್ತದೆ. ಲೀಶ್ ಹಗ್ಗಕ್ಕೆ ಸುತ್ತಿಕೊಂಡರೆ ನಿಮ್ಮ ಜೀವಕ್ಕೂ ಅಪಾಯ. ಬಲೆ ದಡ ಮುಟ್ಟುವವರೆಗೆ ಕಾಯಿರಿ, ಇಲ್ಲವೇ ಆಚೆಗೆ ನಡೆಯಿರಿ.

ತಪ್ಪು ನಿಮ್ಮದಾದಾಗ

ಗೊತ್ತಾದ ಕ್ಷಣವೇ ಅಲೆಯ ಬೆನ್ನಿನ ಕಡೆಗೆ ಬೋರ್ಡ್ ತಿರುಗಿಸಿ ಹೊರಬನ್ನಿ. ‘ಹೇಗೂ ಇಳಿದಾಯ್ತು, ಮುಗಿಸೇ ಬಿಡೋಣ’ ಎಂದು ಮುಂದುವರಿಯುವುದು ಉರಿಯುವ ಬೆಂಕಿಗೆ ತುಪ್ಪ. ಆಮೇಲೆ ಅವರ ಹತ್ತಿರ ಹೋಗಿ, ಹತ್ತು ಸೆಕೆಂಡಿನಲ್ಲಿ ಮುಗಿಸಿ: ‘ಸಾರಿ ಅಣ್ಣ, ನೋಡ್ಲಿಲ್ಲ, ನನ್ನದೇ ತಪ್ಪು. ಮುಂದಿನದ್ದು ನೀವು ತಗೊಳ್ಳಿ.’ ಇಷ್ಟೇ. ಬಿಸಿಲು ಕಣ್ಣಿಗೆ ಹೊಡೀತಿತ್ತು, ನೀವು ಬೀಳ್ತೀರಿ ಅಂದ್ಕೊಂಡೆ ಎಂಬ ವಿವರಣೆಯಿಂದ ಸಿಟ್ಟು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಮಾತಿಗಿಂತ ಮುಖ್ಯ ಮುಂದಿನ ಅಲೆಯನ್ನು ನಿಜಕ್ಕೂ ಬಿಡುವುದು.

ಬೋರ್ಡಿಗೆ ಏಟು ಬಿದ್ದಿದ್ದರೆ ಇಬ್ಬರೂ ದಡಕ್ಕೆ ಬನ್ನಿ. ಫೈಬರ್ ಒಡೆದ ಕಡೆಯಿಂದ ಒಳಗಿನ ಫೋಮಿಗೆ ನೀರು ಇಳಿಯುತ್ತದೆ. ಆ ಬೋರ್ಡಿನಲ್ಲಿ ಮತ್ತೆ ಇಳಿದರೆ ರಿಪೇರಿ ದೊಡ್ಡದಾಗುತ್ತದೆ. ಫೋಟೋ ತೆಗೆದುಕೊಂಡು, ರಿಪೇರಿ ಖರ್ಚು ಯಾರದ್ದೆಂದು ಅಲ್ಲೇ ಮಾತಾಡಿಕೊಳ್ಳಿ. ಅಡ್ಡ ಬಂದವರು ಕೊಡುವುದು ವಾಡಿಕೆ. ಗಾಯವಾಗಿದ್ದರೆ ಬೋರ್ಡಿನ ಮಾತು ಆಮೇಲೆ: ಶುಚಿಯಾದ ಬಟ್ಟೆಯನ್ನು ಗಾಯದ ಮೇಲೆ ಒತ್ತಿ ಹತ್ತು ನಿಮಿಷ ಎತ್ತದೆ ಹಿಡಿಯಿರಿ, ಆಸ್ಪತ್ರೆಗೆ ಹೊರಡಿ. ತಲೆಗೆ ಪೆಟ್ಟು ಬಿದ್ದವರು ‘ಏನಿಲ್ಲ ಮಾರ್ರೆ’ ಅಂದರೂ ಅವತ್ತು ಮತ್ತೆ ನೀರಿಗೆ ಬಿಡಬೇಡಿ.

ಬೇರೆಯವರು ನಿಮಗೆ ಅಡ್ಡ ಬಂದಾಗ

ಕೂಗುವುದಾದರೆ ಅವರು ಎದ್ದು ನಿಲ್ಲುವ ಮುಂಚೆಯೇ ‘ಓಯ್!’ ಎಂದು ಜೋರಾಗಿ ಕೂಗಿ. ಇಳಿದಾದ ಮೇಲೆ ಬೈದರೆ ಅಲೆ ವಾಪಸ್ ಬರುವುದಿಲ್ಲ (ಸಿಲ್ಕ್ ಬೋರ್ಡ್‌ನಲ್ಲಿ ಹಾರ್ನ್ ಹೊಡೆದಷ್ಟೇ ಪ್ರಯೋಜನ). ಕೇಳಿಸಲಿಲ್ಲವಾದರೆ ದಡದ ಕಡೆ ನೇರ ಮಾಡಿಕೊಂಡು ಹೊರಬನ್ನಿ. ‘ಹಕ್ಕು ನನ್ನದು’ ಎಂದು ಅವರ ಮೇಲೆ ಬೋರ್ಡ್ ನುಗ್ಗಿಸಿದರೆ ಆಮೇಲಿನ ತಪ್ಪು ನಿಮ್ಮದು.

ಮಾತಾಡುವ ಮುಂಚೆ ಉಸಿರು ಸಮಕ್ಕೆ ಬರಲಿ. ಪಕ್ಕಕ್ಕೆ ಹೋಗಿ, ಬೋರ್ಡಿನ ಮೇಲೆ ಕೂತು, ‘ನಾನು ಬರ್ತಾ ಇದ್ದದ್ದು ಕಾಣ್ಲಿಲ್ವಾ?’ ಎಂದು ಕೇಳಿ. ಕಾಣದವರು ಅಲ್ಲೇ ಕ್ಷಮೆ ಕೇಳುತ್ತಾರೆ. ನಿಯಮವೇ ಗೊತ್ತಿಲ್ಲದವರಿಗೆ ಪೀಕ್ ತೋರಿಸಿ ಹೇಳಿಕೊಡಿ. ಕಲಿಯುವವರನ್ನು ಹಿಂದಿನಿಂದ ತಳ್ಳಿಬಿಟ್ಟದ್ದು ಶಾಲೆಯ ತರಬೇತುದಾರರಾದರೆ ಮಾತು ಅವರ ಹತ್ತಿರವೇ ಆಗಲಿ: ತಳ್ಳುವ ಮುಂಚೆ ನೋಡಬೇಕಾದವರು ಅವರು. ಬೇಕೆಂದೇ ಮತ್ತೆ ಮತ್ತೆ ಅಡ್ಡ ಬರುವವರಿದ್ದರೆ 50 ಮೀಟರ್ ಆಚೆ ಹೋಗಿ. ಮರಳು ತಳದ ಕಡಲತೀರದಲ್ಲಿ ಪೀಕ್ ಒಂದೇ ಇರುವುದಿಲ್ಲ. ಕಲ್ಲು ತಳದ, ಒಂದೇ ಪೀಕಿನ ಜಾಗಗಳಲ್ಲಿ ಈ ಅನುಕೂಲ ಇಲ್ಲ. ಅಂಥ ಕಡೆ ಹೊಸಬರಾಗಿ ಹೋದರೆ ಮೊದಲ ಅರ್ಧ ಗಂಟೆ ಅಂಚಿನಲ್ಲಿ ಕೂತು, ಉಳಿದವರು ಬಿಟ್ಟ ಅಲೆ ಹಿಡಿಯಿರಿ. ನಾಲ್ಕೈದು ಜನ ಗುಂಪಾಗಿ ಹೋಗಿದ್ದರೆ ಎಲ್ಲರೂ ಒಂದೇ ಪೀಕಿಗೆ ಮುತ್ತಿಕೊಳ್ಳಬೇಡಿ.

ಊರಿನವರಿಗೆ ಗೌರವ ಕೊಡುವುದು ಬೇರೆ, ಬೆದರಿಕೆ ನುಂಗಿಕೊಳ್ಳುವುದು ಬೇರೆ. ಕ್ಯಾಲಿಫೋರ್ನಿಯಾದ ಲುನಾಡಾ ಬೇಯಲ್ಲಿ ಸ್ಥಳೀಯ ಗುಂಪೊಂದು ಹೊರಗಿನವರನ್ನು ವರ್ಷಗಟ್ಟಲೆ ಓಡಿಸುತ್ತಿತ್ತೆಂಬ ದೂರು 2016ರಲ್ಲಿ ಕೋರ್ಟು ಹತ್ತಿತು. ದಡದಲ್ಲಿ ಅವರು ಕಟ್ಟಿಕೊಂಡಿದ್ದ ಕಲ್ಲಿನ ಕಟ್ಟೆಯನ್ನು ಅದೇ ವರ್ಷ ಕೆಡವಿದರು. ಯಾರಾದರೂ ಕೈ ಎತ್ತಿದರೆ ನೀರಿನಲ್ಲಿ ತಿರುಗಿ ಹೊಡೆಯಲು ಹೋಗಬೇಡಿ. ಕಾಲಿಗೆ ನೆಲ ಸಿಗದ ಕಡೆ ಜಗಳ ಮುಳುಗಡೆಯಲ್ಲಿ ಮುಗಿಯಬಹುದು. ದಡಕ್ಕೆ ಬಂದು ಜೀವರಕ್ಷಕರಿಗೆ ಅಥವಾ ಸರ್ಫ್ ಶಾಲೆಯವರಿಗೆ ತಿಳಿಸಿ. ಭಾರತದಲ್ಲಾದರೆ ಪೊಲೀಸರಿಗೆ 112. ವಾಹನ ನಿಲ್ಲಿಸಿದ ಕಡೆ ಅವರಿಗಾಗಿ ಕಾಯುತ್ತ ನಿಲ್ಲಬೇಡಿ, ಬೋರ್ಡ್ ಕಟ್ಟಿಕೊಂಡು ಹೊರಟುಬಿಡಿ.